ಮಾನಪ್ಪನವರ ಎರಡು ಬೆರಳು

೨೦೦೧ರ ಜೂನ್ ತಿಂಗಳು. ಹೈದರಾಬಾದಿನ ಕುಷಾಯಿಗೂಡದಲ್ಲಿ ನಾನು ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಎರಡು ವರ್ಷವಾಗಿತ್ತು. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ, ಎರಡು ಮಂಚ, ಒಂದು ಅಲ್ಟ್ರಾಸೌಂಡ್ ಯಂತ್ರ, ಕುತ್ತಿಗೆಯನ್ನು ನಿಧಾನವಾಗಿ ಎಳೆದು ಹಿಡಿಯುವ ಒಂದು ಟ್ರ್ಯಾಕ್ಷನ್ ಸಾಧನ. ಊರಿಗೆ ಊರೇ ಕಂಪ್ಯೂಟರ್ ಮುಂದೆ ಕುಳಿತ ಕಾಲ ಅದು. ಅಮೀರ್‌ಪೇಟ್‌ನಲ್ಲಿ ಕೋರ್ಸ್ ಮುಗಿಸಿದವರು, ಹೊಸ ಕಂಪನಿಗಳಲ್ಲಿ ಕೆಲಸ ಹಿಡಿದವರು, ಎಲ್ಲರೂ ಕುತ್ತಿಗೆ ಹಿಡಿದುಕೊಂಡೇ ಬರುತ್ತಿದ್ದರು. ಬಾಗಿಲಲ್ಲಿ ನಿಂತ ಭಂಗಿ ನೋಡಿದರೆ ಸಾಕು, ಕುತ್ತಿಗೆಯ ಕೇಸು ಎಂದು ಹೇಳಬಲ್ಲೆ ಎಂಬ ಹಮ್ಮು ನನಗಾಗಲೇ ಬಂದಿತ್ತು.

ಇದನ್ನು ಬರೆಯಲು ನನ್ನ ಬಳಿ ಎರಡು ಆಧಾರಗಳಿವೆ: ನೆನಪು, ಮತ್ತು ಆಗ ನಾನು ಇಡುತ್ತಿದ್ದ ಉದ್ದನೆಯ ನೋಟ್‌ಬುಕ್. ಎರಡೂ ಒಂದೇ ಮಾತು ಹೇಳುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮಾನಪ್ಪ ಪತ್ತಾರ ಎಂದು ಕರೆಯೋಣ, ನಿಜ ಹೆಸರು ಬೇಡ. ವಯಸ್ಸು ನಲವತ್ತಾರು, ಲಿಂಗಸುಗೂರು ಕಡೆಯವರು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ, ಕ್ಲಿನಿಕ್ಕಿನ ಹತ್ತಿರದ ಒಂದು ಸಣ್ಣ ಘಟಕದಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಕೈಯಿಂದ ಬೆಸುಗೆ ಹಾಕುವ ಕೆಲಸ. ನನ್ನ ಊರು ಸಿಂಧನೂರು ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು.

"ಹಂಗಾರ ನಮ್ಮ ತಂಗಿ ಆದ್ರಿ ಬಿಡ್ರಿ. ತೆಲುಗು ಮಾತಾಡಿ ಮಾತಾಡಿ ನಾಲಿಗಿ ಸವದು ಹೋಗೇತಿ. ಬ್ಯಾನಿ ಹೇಳಾಕಾದ್ರೂ ನಮ್ಮ ಮಾತು ಸಿಕ್ತಲ್ಲ."

ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡು ತಿಂಗಳಿಂದ ಜೋಮು ಹಿಡಿದಿದ್ದವು. ಹಿಡಿತ ಸಡಿಲವಾಗಿ ಬೆಸುಗೆಯ ತಂತಿ ಜಾರುತ್ತಿತ್ತು. "ನಮ್ಮಪ್ಪ ಬಂಗಾರಕ್ಕ ಬೆಸುಗಿ ಹಾಕಿದಾ, ನಾ ಸೀಸದಾಗ ಹಾಕತೀನಿ. ಈ ಕೈ ಹೋತಂದ್ರ ಉಳಿಯೂದು ಬರೇ ಹೆಸರಿನ ಮುಂದಿನ ಪತ್ತಾರ" ಎಂದು ನಕ್ಕರು. ಪತ್ತಾರಿಕೆ, ಅಂದರೆ ಅಕ್ಕಸಾಲಿಗರ ಕೆಲಸ, ಅವರ ಮನೆತನದ ಕಸುಬಾಗಿತ್ತು.

ದಿನಕ್ಕೆ ಎಂಟು ಗಂಟೆ ತಲೆ ತಗ್ಗಿಸಿ ಮಾಡುವ ಕೆಲಸ ಎಂದಾಗಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಕುತ್ತಿಗೆಯ ಕೊನೆಯ ಎಲುಬುಗಳ ನಡುವೆ ನರ ಒತ್ತಿದರೂ ಇದೇ ಎರಡು ಬೆರಳು ಜೋಮು ಹಿಡಿಯುತ್ತವೆ. ಮೂರು ವಾರ ಟ್ರ್ಯಾಕ್ಷನ್ ಕೊಟ್ಟೆ. ಗುಣ ಕಾಣಲಿಲ್ಲ. ಹಾಗಾದರೆ ಬೆಂಚಿಗೆ ಕುಳಿತು ಬೆಸುಗೆ ಹಾಕುವ ಕೆಲಸ ನಿಲ್ಲಲೇಬೇಕು ಎಂದು ಘಟಕದ ಮ್ಯಾನೇಜರರಿಗೆ ಚೀಟಿ ಬರೆಯಲು ಕುಳಿತೆ.

"ತಂಗಿ, ಚೀಟಿ ಬ್ಯಾಡ್ರಿ" ಅಂದರು ಮಾನಪ್ಪ. "ಬೆಂಚ್ ಬಿಟ್ಟವಗ ಮತ್ತ ಬೆಂಚ್ ಸಿಗೂದಿಲ್ಲ."

"ಕೈ ಉಳಿದರೆ ತಾನೇ ಬೆಂಚು?" ಎಂದೆ. ನನ್ನ ದನಿಯಲ್ಲಿ ಗೆದ್ದ ಭಾವವಿತ್ತು ಎಂದು ಈಗ ಅನ್ನಿಸುತ್ತದೆ. ಆಗಲೂ ಹಾಗಿತ್ತೋ, ಈಗಿನ ತಪ್ಪಿತಸ್ಥ ಮನಸ್ಸು ಅದನ್ನು ಸೇರಿಸಿತೋ, ಗೊತ್ತಿಲ್ಲ. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಚೀಟಿ ನೋಡಿ ಘಟಕದವರು ಅವರನ್ನು ಸ್ಟೋರ್ಸಿಗೆ ಹಾಕಿದರು. ಡಬ್ಬಿ ಎಣಿಸುವ ಕೆಲಸ. "ಈಗ ನನಗ ಗೋಡೌನ್ ಸಾಹೇಬ ಅಂತಾರ್ರೀ. ಎದ್ದು ನಿಂತು ಸಲಾಮ್ ಹೊಡೀತಾರ, ನಗಲಾರದ" ಎಂದು ಒಂದು ದಿನ ಹೇಳಿದರು. ಅವರೂ ನಗಲಿಲ್ಲ.

ಐದನೆಯ ವಾರ ಕೈ ಇನ್ನಷ್ಟು ಸೋತಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಗದ ಹಿಡಿಸಿ ಎಳೆದರೆ, ಹೆಬ್ಬೆರಳಿನ ತುದಿ ಬಾಗಿ ಕಾಗದ ಜಾರಿಬಿಡುತ್ತಿತ್ತು. ಬೆಂಚೇ ಇಲ್ಲದ ಮೇಲೆ ಬೆಂಚಿನಿಂದ ಬಂದ ರೋಗ ಹೆಚ್ಚಾಗುವುದು ಹೇಗೆ? ಈ ಪ್ರಶ್ನೆಯನ್ನು ನಾನು ನನಗೆ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲ ಎಂದು ಅವರನ್ನೇ ಗದರಿಸಿದೆ. ಆ ದಿನದ ಪುಟದಲ್ಲಿ "ರೋಗಿಯ ಸಹಕಾರ ಸಾಲದು" ಎಂದಿದೆ. ನಲವತ್ತಾರು ವರ್ಷದ ಮನುಷ್ಯ ತಲೆ ತಗ್ಗಿಸಿ "ಆತ್ರಿ ತಂಗಿ, ಮಾಡ್ತೀನಿ" ಅಂದಿದ್ದರು.

ಅದೇ ವಾರ ಒಂದು ಸಂಜೆ ಟ್ರ್ಯಾಕ್ಷನ್ ನಡುವೆ ಕರೆಂಟ್ ಹೋಯಿತು. ಕೋಣೆಯಲ್ಲಿ ಸೆಖೆ. ಇಬ್ಬರೂ ಮೆಟ್ಟಿಲಿಳಿದು ಔಷಧಿ ಅಂಗಡಿಯ ಮುಂದೆ ನಿಂತೆವು. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಬೀಗ ತೆಗೆಯಲು ಅವರು ಎಡಗೈಯಿಂದ ತಡವರಿಸುತ್ತಿದ್ದರು. ಆಗ ಆ ಸೈಕಲ್ಲನ್ನು ನಿಜವಾಗಿ ನೋಡಿದೆ. ನೇರ ಹ್ಯಾಂಡಲ್ಲಿನ ಹೊಸ ಮಾದರಿ. ಹಿಡಿಯ ರಬ್ಬರು ಬಲಗಡೆ ಸವೆದು ಕಬ್ಬಿಣ ಕಾಣುತ್ತಿತ್ತು. ಸೀಟು ತುಂಬ ಎತ್ತರದಲ್ಲಿತ್ತು. ಅದರ ಮೂತಿ ಮುಂದಕ್ಕೆ, ನೆಲ ನೋಡುವಂತೆ ಬಾಗಿತ್ತು. ಅಂಥ ಸೀಟಿನ ಮೇಲೆ ಕುಳಿತವರು ಮುಂದಕ್ಕೆ ಜಾರುತ್ತಲೇ ಇರುತ್ತಾರೆ. ಜಾರದಿರಲು ಮೈಭಾರವನ್ನೆಲ್ಲ ಅಂಗೈ ಮೇಲೆ ಹೇರುತ್ತಾರೆ.

ಅವರ ಅಂಗೈ ತಿರುಗಿಸಿ ನೋಡಿದೆ. ಕಿರುಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ ಗಟ್ಟಿಯಾದ ಜಡ್ಡು. ಅಲ್ನರ್ ಎಂಬ ನರ ಅಂಗೈಗೆ ಇಳಿಯುವ ಇಕ್ಕಟ್ಟಾದ ದಾರಿ ಸರಿಯಾಗಿ ಅಲ್ಲಿಯೇ ಇದೆ. ಸೈಕಲ್ ತುಳಿಯುವವರಿಗೆ ಅಲ್ಲಿ ನರ ಒತ್ತಿ ಇದೇ ಎರಡು ಬೆರಳು ಜೋಮು ಹಿಡಿಯುತ್ತವೆ ಎಂದು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ.

"ಸೀಟು ಯಾಕೆ ಹೀಗೆ ಬಗ್ಗಿಸಿದ್ದೀರಿ?"

ಅವರು ರಸ್ತೆ ನೋಡಿದರು. ಬೀಗದ ಕೈ ತಿರುಗಿಸುತ್ತ ನಿಂತರು. ಆಮೇಲೆ, ನನ್ನ ಜೊತೆ ಒಂದು ದಿನವೂ ತೆಲುಗು ಆಡದವರು, ತೆಲುಗಿನಲ್ಲಿ ಹೇಳಿದರು: "ಕೂರ್ಚುಂಟೇ ಕಿಂದ ತಿಮ್ಮಿರಿ ವಸ್ತುಂದಿ, ಮೇಡಂ."

ಕುಳಿತರೆ ಕೆಳಗೆ ಮರಗಟ್ಟುತ್ತದೆ. ಎತ್ತರದ ಸೀಟು ತೊಡೆಗಳ ಸಂದಿಯಲ್ಲಿ ಒತ್ತುತ್ತಿತ್ತು. ಮೂತ್ರಕ್ಕೆ ಹೋದರೂ ಸ್ಪರ್ಶ ತಿಳಿಯದಷ್ಟು ಜೋಮು. ಹೆದರಿ, ಯಾರಿಗೂ ಹೇಳಲಾರದೆ, ತಾವೇ ಸ್ಪ್ಯಾನರ್ ಹಿಡಿದು ಸೀಟಿನ ಮೂತಿ ಬಗ್ಗಿಸಿಕೊಂಡಿದ್ದರು. ಕೆಳಗಿನ ಒತ್ತಡ ತಪ್ಪಿತು, ಕೈಗೆ ಬಂತು.

"ಇದನ್ನ ಮೊದಲೇ ಹೇಳಬಾರದಾಗಿತ್ತೇ?" ಎಂದೆ.

"ತಂಗಿ ಅಂದ ಮ್ಯಾಲೆ ಹ್ಯಾಂಗ ಹೇಳ್ಲಿ ರೀ?" ಈಗ ಕನ್ನಡಕ್ಕೆ ಮರಳಿದ್ದರು. "ನಮ್ಮ ಮಾತಿನ್ಯಾಗ ಅದು ಬಾಯಿಗೆ ಬರೂದಿಲ್ಲ."

ಅಂದೇ ಸೀಟನ್ನು ಎರಡು ಬೆರಳಷ್ಟು ಇಳಿಸಿ ಮಟ್ಟ ಮಾಡಿಸಿದೆ. ಹ್ಯಾಂಡಲ್ ಎತ್ತರಿಸಿ, ಹಿಡಿಗೆ ದಪ್ಪ ರಬ್ಬರು ಸುತ್ತಿಸಿದೆ. ಕೆಳಗಿನ ಜೋಮಿಗಾಗಿ ಮೂತ್ರರೋಗದ ವೈದ್ಯರ ಬಳಿ ಕಳಿಸಿದೆ. ಆರು ವಾರ ಸೈಕಲ್ ಬಿಡಿಸಿ, ರಾತ್ರಿಗೆ ಮಣಿಕಟ್ಟಿನ ಪಟ್ಟಿ, ಬೆರಳುಗಳಿಗೆ ವ್ಯಾಯಾಮ ಕೊಟ್ಟೆ. ಕೆಳಗಿನ ಜೋಮು ತಿಂಗಳೊಳಗೆ ಹೋಯಿತು.

ಎರಡನೆಯ ಚೀಟಿಯನ್ನು ನಾನೇ ಘಟಕಕ್ಕೆ ಒಯ್ದೆ. ತೊಂದರೆ ಬೆಂಚಿನಿಂದ ಬಂದದ್ದಲ್ಲ, ಗುಣವಾದ ಮೇಲೆ ಅದೇ ಕೆಲಸ ಕೊಡಿ ಎಂದು ಬರೆದಿದ್ದೆ. ಮ್ಯಾನೇಜರು ಎರಡೂ ಚೀಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒರಟುತನವಿಲ್ಲದೆ ಹಿಂದಿಯಲ್ಲಿ ಕೇಳಿದರು: "ಎರಡಕ್ಕೂ ಸಹಿ ನಿಮ್ಮದೇ. ಯಾವುದನ್ನು ನಂಬಲಿ?" ಬೆಂಚಿಗೆ ಆಗಲೇ ಬೇರೊಬ್ಬರು ಬಂದಿದ್ದರು.

ನವೆಂಬರ್ ಹೊತ್ತಿಗೆ ಉಂಗುರದ ಬೆರಳಿಗೆ ಸ್ಪರ್ಶ ಮರಳಿತು. ಕಿರುಬೆರಳಿನ ತುದಿಗೆ ಪೂರ್ತಿ ಬರಲಿಲ್ಲ. ಹೆಬ್ಬೆರಳ ಪಕ್ಕದ ಸ್ನಾಯು ಸೊರಗಿ ಬಿದ್ದ ಕುಳಿ ತುಂಬಲಿಲ್ಲ. ಅವರು ಸ್ಟೋರ್ಸಿನಲ್ಲೇ ಉಳಿದರು. ಕೊನೆಯ ಸಲ ಬಂದಾಗ ನಾನು ಕ್ಷಮೆ ಕೇಳಿದೆ. "ಇಬ್ಬರೂ ಕೂಡಿ ಮಾಡಿದ್ವಿ ತಗೋರಿ" ಎಂದರು. ಆ ಮಾತನ್ನು ನಾನು ಬಹಳ ವರ್ಷ ಸಮಾಧಾನಕ್ಕೆ ಇಟ್ಟುಕೊಂಡಿದ್ದೆ. ಕಿರಿಯರಿಗೆ ಈ ಕೇಸು ಹೇಳುವಾಗಲೆಲ್ಲ, ರೋಗಿ ಸೈಕಲ್ಲಿನ ವಿಷಯ ಮುಚ್ಚಿಟ್ಟಿದ್ದರು ಎಂದೇ ಹೇಳುತ್ತಿದ್ದೆ. ಹಾಗೆಯೇ ನೆನಪಿತ್ತು.

ಈ ಲೇಖನಕ್ಕಾಗಿ ನೋಟ್‌ಬುಕ್ ತೆರೆದೆ. ಮೊದಲ ದಿನದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿದೆ: "ಕೆಲಸಕ್ಕೆ ಪ್ರಯಾಣ: ಸೈಕಲ್, ದಿಲ್‌ಸುಖ್‌ನಗರದಿಂದ, ಹೋಗಿ ಬರಲು ಎರಡು ಗಂಟೆಗೂ ಹೆಚ್ಚು." ಅದರ ಕೆಳಗೆ: "ಹಸ್ತದ ಹಿಂಭಾಗದಲ್ಲಿ ಸ್ಪರ್ಶ ಸರಿ ಇದೆ." ನರ ಕುತ್ತಿಗೆಯಲ್ಲಿ ಒತ್ತಿದ್ದರೆ ಹಿಂಭಾಗವೂ ಜೋಮು ಹಿಡಿಯಬೇಕಿತ್ತು. ಅವರು ಸೈಕಲ್ ಮುಚ್ಚಿಟ್ಟಿರಲಿಲ್ಲ. ಅವರ ಕೈಯೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಕೇಳಿ, ಬರೆದು, ಓದದೆ ಬಿಟ್ಟಿದ್ದೆ. ಅವರು ಹೇಳದೆ ಉಳಿಸಿಕೊಂಡದ್ದು ಒಂದೇ ಮಾತು. ಅದನ್ನು ನಾನು ಕೇಳಿಯೇ ಇರಲಿಲ್ಲ.

ಈಗ ಸೈಕಲ್ ತುಳಿಯುವವರು ಬಂದರೆ, ಕೈ ಮುಟ್ಟುವ ಮೊದಲು ಕೆಳಗಿಳಿದು ಸೈಕಲ್ ನೋಡುತ್ತೇನೆ. ನಮ್ಮ ಕಡೆಯವರು ಬಂದು ಊರು ಕೇಳಿ, ತಂಗಿ ಎಂದು ಕರೆದರೆ ಈಗಲೂ ಸಂತೋಷವಾಗುತ್ತದೆ. ಊರಿನ ಮಾತು, ಮಳೆಬೆಳೆ ಎಲ್ಲವನ್ನೂ ಕನ್ನಡದಲ್ಲೇ ಆಡುತ್ತೇವೆ. ಆಮೇಲೆ ನೋಟ್‌ಬುಕ್ ತೆರೆದು, ನಮ್ಮ ಮಾತಿನಲ್ಲಿ ಬಾಯಿಗೆ ಬಾರದ ನಾಲ್ಕು ಪ್ರಶ್ನೆಗಳನ್ನು ಮಾತ್ರ ತೆಲುಗಿನಲ್ಲಿ ಕೇಳುತ್ತೇನೆ.