ಪಿಸ್ಟನ್ ಪಿನ್ನಿಗೆ ಹಚ್ಚಿದ ಕುಂಕುಮ

ಸ್ಲೈಡ್ ಯಾವುದಾದರೇನು, ತಂತಿಯ ಮೇಲೆ ಎಳೆದರೆ ಮುಗಿಯಿತಲ್ಲ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಬಾರಿಸಬೇಕು. ಎಡಗೈ ಬೆರಳುಗಳು ತಂತಿಯನ್ನು ಒತ್ತುವುದೇ ಇಲ್ಲ. ಸ್ವರ ಹುಡುಕುವುದು, ಜಾರುವುದು, ನಿಲ್ಲುವುದು ಎಲ್ಲ ಸ್ಲೈಡ್ ಎನ್ನುವ ಆ ಬೆರಳುದ್ದದ ತುಂಡಿನ ಕೆಲಸ. ಅದು ಹಗುರಾದರೆ ತಂತಿ ಗಲಗಲ ಅನ್ನುತ್ತದೆ, ಭಾರವಾದರೆ ಕೈ ಸೋತು ಸ್ವರ ತಪ್ಪುತ್ತದೆ, ಮೈ ನುಣುಪಾಗಿರದಿದ್ದರೆ ದಪ್ಪ ತಂತಿಗಳು ಗರಗಸದ ಹಾಗೆ ಕೊರೆಯುತ್ತವೆ. ಇಷ್ಟೂ ತಿಳಿಯದವರು ಸಂಗೀತದ ಬಗ್ಗೆ ಬಾಯಿ ಬಿಡಬಾರದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬೈಲಹೊಂಗಲದಲ್ಲಿ ಅಣ್ಣನದೊಂದು ಲೇತ್ ಅಂಗಡಿ ಇತ್ತು, ನಾನೂ ಅಲ್ಲೇ ದುಡಿಯುತ್ತಿದ್ದೆ. ಬಿಡುವಿನಲ್ಲಿ ಊರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಅನ್ನುವುದೂ ಹೆಚ್ಚಾಯಿತು. ಹಿಂದಿನ ಸಾಲಿನಲ್ಲಿ ಕೂತು, ಹಾಡಿನ ಎರಡು ಸಾಲುಗಳ ನಡುವೆ ಒಂದು ಸಲ ಕುಂಯ್ ಅನ್ನಿಸಿ ಸುಮ್ಮನಾಗುವುದಷ್ಟೇ ನನ್ನ ಪಾಲು. ಐದು ವರ್ಷ ಹೀಗೇ ಕಳೆದೆ. ಅಣ್ಣನಿಗೆ ಇದು ಶುದ್ಧ ಹುಚ್ಚು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಿರಾಕಿಗಳ ಎದುರಿಗೇ ನನ್ನನ್ನು ಆಡಿಕೊಳ್ಳುತ್ತಿದ್ದ. ಕಡೆಗೊಂದು ದಿನ ಆರ್ಕೆಸ್ಟ್ರಾದ ಯಜಮಾನರು ಕರೆದು, ಖಂಡೇನವಮಿಯ ಸಂಜೆ ಸವದತ್ತಿಯಲ್ಲಿ ಕಾರ್ಯಕ್ರಮವಿದೆ, ಒಂದು ಪೂರ್ತಿ ಹಾಡು ನೀನೊಬ್ಬನೇ ಗಿಟಾರಿನಲ್ಲಿ ಬಾರಿಸು ಎಂದರು. ಜನ ಮೆಚ್ಚಿದರೆ ಇನ್ನು ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ನನಗೊಂದು ಹಾಡು.

ಆಗ ಶುರುವಾಯಿತು ನನ್ನ ಸ್ಲೈಡಿನ ಹುಡುಕಾಟ. ಒಂದು ಕುಂಯ್ ಅನ್ನಿಸಲು ಕೈಗೆ ಸಿಕ್ಕ ಕಬ್ಬಿಣದ ತುಂಡು ಸಾಕಿತ್ತು, ಪೂರ್ತಿ ಹಾಡಿಗೆ ಸಾಲದು. ಸೋಡಾ ಬಾಟಲಿಯ ಕುತ್ತಿಗೆ ಕೊಯ್ದು ನೋಡಿದೆ, ಹಗುರ. ನೀರಿನ ಪೈಪಿನ ತುಂಡು ಬಕೆಟ್ ಬಡಿದಂಥ ದನಿ ಕೊಟ್ಟಿತು. ಲೇತಿನಲ್ಲಿ ನಾನೇ ಹಿತ್ತಾಳೆಯದೊಂದು ಕಡೆದೆ. ದನಿ ಬಲು ಇಂಪು, ಆದರೆ ಹಿತ್ತಾಳೆ ಮೆದು. ತಿಂಗಳೊಪ್ಪತ್ತಿನಲ್ಲಿ ತಂತಿಗಳು ಅದರ ಮೈಮೇಲೆ ಗೆರೆ ಕೊರೆದಿದ್ದವು. ಕೊನೆಗೆ ಗಿಟಾರನ್ನು ಹೆಗಲಿಗೇರಿಸಿಕೊಂಡು ಕಿತ್ತೂರಿಗೆ ಹೋಗಿ, ಹೈವೇ ಪಕ್ಕದ ಗ್ಯಾರೇಜಿನಲ್ಲಿ ನಮಗೆ ಪರಿಚಯವಿದ್ದ ಮಿಸ್ತ್ರಿ ಚಾಚಾನ ಮುಂದೆ ಕೂತೆ. ಅವರು ಬಿಚ್ಚಿಟ್ಟ ಎಂಜಿನ್ನುಗಳ ಪಿಸ್ಟನ್ ಪಿನ್ನುಗಳನ್ನು, ಅಂದರೆ ಪಿಸ್ಟನ್ನನ್ನು ಹಿಡಿದಿಡುವ ಉಕ್ಕಿನ ತುಂಡುಗಳನ್ನು, ಒಂದೊಂದಾಗಿ ಡೀಸೆಲ್ಲಿನಲ್ಲಿ ತೊಳೆದು ಕೊಟ್ಟರು. ಟ್ರ್ಯಾಕ್ಟರಿನದು ಬೆರಳಿಗೆ ದಪ್ಪ, ಲಾರಿಯದು ಕೈಗೆ ಭಾರ. ಜೀಪಿನದನ್ನು ತಂತಿಯ ಮೇಲಿಟ್ಟು ಎಳೆದಾಗ ಚಾಚಾ ಸ್ಪ್ಯಾನರ್ ಕೆಳಗಿಟ್ಟು, ಇದೇ, ಇನ್ನು ಹುಡುಕಬೇಡ ಎಂದರು. ಗಟ್ಟಿ ಉಕ್ಕು, ಎಂಜಿನ್ನಿನೊಳಗೆ ಆಡಿ ಆಡಿ ಕನ್ನಡಿಯಂತಾಗಿದ್ದ ಮೈ. ಒತ್ತುವುದೇ ಬೇಡ, ತನ್ನ ತೂಕಕ್ಕೆ ತಾನೇ ಕೂರುತ್ತಿತ್ತು. ಒಂದೂವರೆ ತಿಂಗಳು ಅದರಲ್ಲೇ ಅಭ್ಯಾಸ ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಡಿಯಲ್ಲೇ ಬಾರಿಸುತ್ತಿದ್ದುದರಿಂದ ಅದು ಅಲ್ಲಿನ ಡ್ರಾವರಿನಲ್ಲೇ ಇರುತ್ತಿತ್ತು.

ಖಂಡೇನವಮಿಯ ಮಧ್ಯಾಹ್ನ ಪಿನ್ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದೆ. ನಮ್ಮಲ್ಲಿ ಆ ದಿನ ಹತಾರಗಳನ್ನೆಲ್ಲ, ಅಂದರೆ ದುಡಿದು ಉಣ್ಣುವ ಕಬ್ಬಿಣದ ಸಾಮಾನನ್ನೆಲ್ಲ, ಎಮರಿ ಪೇಪರಿನಿಂದ ತಿಕ್ಕಿ, ತೊಳೆದು, ಸಾಲಾಗಿ ಜೋಡಿಸಿ ಪೂಜೆ ಮಾಡುತ್ತಾರೆ. ಮಾರನೇ ದಿನ ಮುಂಜಾನೆಯವರೆಗೆ ಅವಕ್ಕೆಲ್ಲ ರಜೆ. ಅಣ್ಣ ಪೂಜೆ ಮುಗಿಸಿ ಕೂತಿದ್ದ. ಹಲಗೆಯ ಮೇಲೆ ಸುತ್ತಿಗೆ, ಸ್ಪ್ಯಾನರು, ಡ್ರಿಲ್ ಬಿಟ್ಟುಗಳ ಸಾಲಿನಲ್ಲಿ ನನ್ನ ಪಿನ್ನೂ ಇತ್ತು. ನಡುಮೈಗೆ ಕುಂಕುಮ ಬೇರೆ. ಎತ್ತಿಕೊಂಡು ಉಗುರು ಆಡಿಸಿದೆ. ಸುತ್ತಲೂ ಗೀರು, ಒಂದಿಷ್ಟೂ ಜಾಗ ಬಿಡದೆ.

"ಯಾರು ತಿಕ್ಕಿದ್ದಿದನ್ನ?"

"ನಾನ ತಿಕ್ಕೇನಿ. ತುದಿಯೆಲ್ಲಾ ಕರ್ರಗಾಗಿತ್ತು."

ಅದೂ ಎಂಥ ಪೇಪರ್! ತುಕ್ಕು ಕೆರೆಯುವ ದಪ್ಪ ಹರಳಿನದು. ಲೇತ್ ಚಾಲೂ ಮಾಡು, ಹತ್ತೇ ನಿಮಿಷ, ನುಣ್ಣನೆಯ ಪೇಪರಿಗೆ ಎಣ್ಣೆ ಹಚ್ಚಿ ಹಿಡಿದರೆ ಮತ್ತೆ ಮೊದಲಿನಂತಾಗುತ್ತದೆ ಎಂದು ಬೇಡಿಕೊಂಡೆ. ಅಣ್ಣ ಮಷಿನ್ನಿಗೆ ಹಾಕಿದ್ದ ಹಾರ ತೋರಿಸಿ ತಲೆಯಾಡಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ನುಣ್ಣನೆಯ ಪೇಪರ್ ಕೊಂಡು ಕೈಯಲ್ಲೇ ತಿಕ್ಕೋಣವೆಂದರೆ ಊರಿನ ಹಾರ್ಡ್‌ವೇರ್ ಅಂಗಡಿಗಳೂ ಪೂಜೆ ಮಾಡಿ ಬಾಗಿಲು ಹಾಕಿದ್ದವು. ಕುಂಕುಮವನ್ನು ಅಂಗಿಯ ತುದಿಯಿಂದ ಒರೆಸಿ, ಅಣ್ಣನಿಗೆ ಆಡಬಾರದ ಮಾತೆಲ್ಲ ಆಡಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕರವಸ್ತ್ರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಉಕ್ಕಿಗೆ ಕೊಬ್ಬರಿ ಎಣ್ಣೆ ಏನು ಮಾಡೀತು?

ಸವದತ್ತಿಯಲ್ಲಿ ಹಾಡಿನ ಮೊದಲ ಅರ್ಧ ತೆಳು ತಂತಿಗಳ ಮೇಲಿತ್ತು, ಹೇಗೋ ಸಾಗಿತು. ದಪ್ಪ ತಂತಿಗಳಿಗೆ ಇಳಿಯುತ್ತಲೇ ಕರ್ರ್ ಎಂದು ಶುರುವಾಯಿತು. ಮೈಕ್ ನನ್ನ ಸ್ವರಕ್ಕಿಂತ ಆ ಕರ್ರನ್ನೇ ಚೆನ್ನಾಗಿ ಹಿಡಿಯಿತು. ಮುಂದೆ ಕೂತವನೊಬ್ಬ, ಯಾರದೋ ಟ್ರ್ಯಾಕ್ಟರ್ ಚಾಲೂ ಆಗವಲ್ದು ಅಂದ. ಜನ ನಕ್ಕರು. ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು, ಉಳಿದ ಹಾಡನ್ನು ಕೀಬೋರ್ಡಿನವನು ಮುಗಿಸಿದ. ಕೆಳಗಿಳಿದ ಮೇಲೆ ಅವರು ಬೈಯಲಿಲ್ಲ. ಕೀಬೋರ್ಡಿನಲ್ಲೇ ಗಿಟಾರಿನ ದನಿಯೂ ಬರುತ್ತದೆ, ಇನ್ನು ಯಾಕೆ ಒದ್ದಾಡುತ್ತೀ ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ನನ್ನನ್ನು ಯಾವ ಕಾರ್ಯಕ್ರಮಕ್ಕೂ ಕರೆಯಲಿಲ್ಲ.

ಮರುದಿನ ಮುಂಜಾನೆ ನೇರ ಅಂಗಡಿಗೆ ಹೋದೆ. ಅಣ್ಣ ಹಾರ ತೆಗೆಯುತ್ತಿದ್ದ. ಪಿನ್ನನ್ನು ಅವನ ಕಾಲ ಬಳಿ ಒಗೆದೆ.

"ನಿನ್ನ ಸಾಮಾನ ತಿಕ್ಕು, ಬೇಕಾದ್ರ ಸುಡು. ಇದನ್ನ ಯಾಕ ಮುಟ್ಟಿದಿ?"

ಅವನು ಬಗ್ಗಿ ಅದನ್ನೆತ್ತಿ ಧೋತರದ ಅಂಚಿನಿಂದ ಒರೆಸಿದ. ನನ್ನ ಮುಖ ನೋಡಲಿಲ್ಲ.

"ಅಂಗಡ್ಯಾಗಿಂದು ಅಷ್ಟ ಪೂಜಿ ಮಾಡಿ ನಿಂದು ಬಿಟ್ರ ಹೆಂಗ? ಇದು ನಿನ್ನ ಹತಾರ ಅಲ್ಲೇನು, ತಮ್ಮಾ?"

ಐದು ವರ್ಷ ಆ ಒಂದು ಮಾತು ಅವನ ಬಾಯಿಂದ ಬರಲಿ ಎಂದು ಕಾದಿದ್ದೆ. ಬಂದದ್ದು ಆ ಮುಂಜಾನೆ, ಎಲ್ಲ ಮುಗಿದ ಮೇಲೆ. ಅವನ ಮೇಲೆ ಇನ್ನಷ್ಟು ಕೂಗಾಡಿದೆ. ಕೂಗಾಡದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.