ಕೂಸಿನ ತಾಯತ

ನಿವೃತ್ತಿಗೆ ಇನ್ನು ಕೆಲವು ವರ್ಷಗಳಿದ್ದಾಗ ನಾನು ಸುರಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಉಪನ್ಯಾಸಕನಾಗಿದ್ದೆ. ಆ ದಿನ ಪ್ರಾಚೀನ ಈಜಿಪ್ಟಿನ ಪಾಠ. ಅಲ್ಲಿಯವರು ಬದುಕಿದ್ದಾಗ ತಾಯತ ಧರಿಸುತ್ತಿದ್ದರು. ಸತ್ತವರಿಗೆ ಸುತ್ತಿದ ಬಟ್ಟೆಯ ಮಡಿಕೆಗಳಲ್ಲೂ ಇಡುತ್ತಿದ್ದರು. ಕಣ್ಣಿನ ಆಕಾರದ್ದು ಕಾಪಾಡಲಿಕ್ಕೆ, ಜೀರುಂಡೆಯದು ಮರುಹುಟ್ಟಿಗೆ. ಎದೆಯ ಮೇಲಿಡುವ ಕಲ್ಲಿನ ಜೀರುಂಡೆಗೆ ‘ಹಾರ್ಟ್ ಸ್ಕ್ಯಾರಬ್’, ಅಂದರೆ ಹೃದಯದ ಜೀರುಂಡೆ, ಎಂದು ಹೆಸರು. ಪರಲೋಕದ ವಿಚಾರಣೆಯಲ್ಲಿ ಹೃದಯವು ತನ್ನ ಒಡೆಯನ ವಿರುದ್ಧವೇ ಸಾಕ್ಷಿ ಹೇಳದಿರಲಿ ಎಂಬ ಕೋರಿಕೆ ಅದರ ಮೇಲೆ ಕೆತ್ತಿರುತ್ತಿತ್ತು.

ತರಗತಿ ಮುಗಿದ ಮೇಲೆ ಮಾಳಮ್ಮ ಎಂಬ ವಿದ್ಯಾರ್ಥಿನಿ ಬಾಗಿಲ ಬಳಿ ನಿಂತಿದ್ದಳು. ಕಕ್ಕೇರಾ ಕಡೆಯ ಕುರಿ ಸಾಕುವ ಮನೆಯವಳು. ಅವಳ ಪುಟ್ಟ ತಮ್ಮ ಜ್ವರದಿಂದ ತೀರಿಕೊಂಡಿದ್ದ. ಮಣ್ಣು ಮಾಡುವ ಮುನ್ನ ಅಜ್ಜಿ ಅವನ ಕೊರಳಿನ ತಾಯತ ಹರಿದು ತೆಗೆದಿದ್ದಳಂತೆ. ಅಂದಿನಿಂದ ತಾಯಿ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತವಳು ಸರಿಯಾಗಿ ಉಂಡಿಲ್ಲ, ಅತ್ತೆಯೊಡನೆ ಮಾತಾಡಿಲ್ಲ.

“ಈಗ ಹೇಳಿದ್ದನ್ನ ನಮ್ಮವ್ವನ ಮುಂದ ಒಮ್ಮೆ ಹೇಳ್ರಿ ಸರ್,” ಎಂದಳು.

ಇದು ನನ್ನಿಂದಾಗುವ ಕೆಲಸವೇ ಎಂಬ ಅಳುಕಿತ್ತು. ಆದರೂ ಭಾನುವಾರ ಹೋದೆ. ತಾಯಿ ಗೋಡೆಗೊರಗಿ ಕೂತಿದ್ದಳು. ಸಾವಿರಾರು ವರ್ಷಗಳ ಹಿಂದೆ ದೂರದ ನಾಡೊಂದರಲ್ಲಿ ಕೂಸುಗಳ ಕೊರಳಿಗೂ ತಾಯತ ಕಟ್ಟುತ್ತಿದ್ದುದನ್ನು, ಮಕ್ಕಳ ಗೋರಿಗಳಲ್ಲೂ ಅವು ಸಿಕ್ಕಿರುವುದನ್ನು ಹೇಳಿದೆ. ಅವು ಆ ಮಕ್ಕಳನ್ನು ಕಾದವೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ.

ತಾಯಿ ತನ್ನ ಮುಷ್ಟಿಯನ್ನೇ ನೋಡುತ್ತ ಹೇಳಿದಳು. “ನನ್ನ ಕೂಸು ಕೊಳ್ಳಾಗ ಏನೂ ಇಲ್ದಂಗ ಹೋತ್ರಿ.”

ಒಳಗಿದ್ದ ಅಜ್ಜಿ ಹೊಸ್ತಿಲಿಗೆ ಬಂದಳು. “ದಾರ ಇದ್ರ ಜೀವ ನಮ್ಮ ಕಡೀಗೇ ಎಳಿತದ, ಹಾದಿ ಸಿಗಂಗಿಲ್ಲ ಅಂತ ಹರಿದೆ, ಯವ್ವಾ. ನನಗ ಅಂವ ಬ್ಯಾಡಾಗಿದ್ದನೇನು?”

ಸೊಸೆ ತಲೆಯೆತ್ತಿ ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿ, ತಾಮ್ರದ ತಾಯತದಿಂದ ಕರಿದಾರವನ್ನು ತಾನೇ ಬಿಡಿಸಿ, ಆ ದಾರವನ್ನು ಅತ್ತೆಯ ಕೈಗಿಟ್ಟಳು.

ಸಂಜೆ ಎಲ್ಲರೂ ಹೊಲದಂಚಿನಲ್ಲಿ ಕೂಸನ್ನು ಮಣ್ಣು ಮಾಡಿದ್ದ ಪುಟ್ಟ ದಿಬ್ಬದ ಬಳಿ ಹೋದೆವು. ಅಜ್ಜಿ ಬೆರಳುಗಳಿಂದಲೇ ಮಣ್ಣು ಕೆದರಿದಳು. ತಾಯಿ ದಾರವಿಲ್ಲದ ತಾಯತವನ್ನು ಅಲ್ಲಿಟ್ಟು ಮುಚ್ಚಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಆ ರಾತ್ರಿ ಅಜ್ಜಿ ರೊಟ್ಟಿ ಮುರಿದು ಹಾಲಲ್ಲಿ ಕಲಸಿ ಕೊಟ್ಟದ್ದನ್ನು ಅವ್ವ ಉಂಡಳೆಂದು ಮರುದಿನ ಮಾಳಮ್ಮ ತಿಳಿಸಿದಳು.

ನೆಲದಿಂದ ಅಗೆದು ತೆಗೆದ ತಾಯತ ಯಾವ ಕಾಲದ್ದು, ಯಾವ ದೇವರದ್ದು ಎಂದು ಇತಿಹಾಸದವರು ಹೇಳಬಲ್ಲೆವು. ಅದನ್ನು ಕಟ್ಟಿದ ಕೈ ಯಾರದೆಂಬುದು ಬಹುಪಾಲು ತಿಳಿಯುವುದೇ ಇಲ್ಲ. ಮುಂದೆ ನಾನು ಆ ಪಾಠವನ್ನು ಪ್ರತಿಸಲವೂ ಆ ಕೈಯಿಂದಲೇ ಶುರುಮಾಡಿದೆ.