ಹಿಂದಿನ ಗೇಟಿನ ಪ್ರಬಂಧ

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹೈಸ್ಕೂಲಿನ ಮಕ್ಕಳ ಬಾಯಲ್ಲಿ ಅವರು ಯಾಕಮ್ಮ. ಪ್ರಬಂಧದ ಅಂಚಿನಲ್ಲಿ ಹಸಿರು ಇಂಕಿನಿಂದ ‘ಯಾಕೆ?’ ಎಂದು ಬರೆಯದೆ ಅವರು ಒಂದು ಪುಟವನ್ನೂ ದಾಟುತ್ತಿರಲಿಲ್ಲ. ಹೆಸರು ಮೊದಮೊದಲು ಬೆನ್ನ ಹಿಂದೆ ಓಡಾಡಿತು, ಆಮೇಲೆ ಸ್ಟಾಫ್ ರೂಮಿಗೆ ನುಗ್ಗಿತು, ಕೊನೆಗೆ ಅವರ ಗಂಡನೇ ತಮ್ಮ ಫೋನಿನಲ್ಲಿ ಹಾಗೆ ಸೇವ್ ಮಾಡಿಕೊಂಡರು.

ಅವರೇನೂ ಹುಟ್ಟಾ ಯಾಕಮ್ಮನಲ್ಲ. ಹದಿನೆಂಟು ವರ್ಷ ಎಲ್ಲರಂತೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಬರೆಸಿ, ಬಾಯಿಪಾಠ ಮಾಡಿಸಿ, ಮಾರ್ಕ್ಸ್ ಕೊಟ್ಟು ಕೈತೊಳೆದುಕೊಂಡವರೇ. ಒಂದು ಭಾನುವಾರ ‘ಮೊಬೈಲ್: ವರವೋ ಶಾಪವೋ’ ಎಂಬ ನಲವತ್ತನಾಲ್ಕು ಪ್ರಬಂಧಗಳನ್ನು ತಿದ್ದಲು ಕೂತರು. ನಲವತ್ತೊಂದು ಪ್ರಬಂಧಗಳ ಕೊನೆಯಲ್ಲಿ ನಾಣ್ಯಕ್ಕೆ ಎರಡು ಮುಖಗಳಿದ್ದವು. ಆ ವಾಕ್ಯ ಬರೆಸಿದ್ದು ಅವರೇ. ಮೊಬೈಲ್ ಬೇಕೋ ಬೇಡವೋ ಎಂದು ಒಬ್ಬರೂ ಹೇಳಿರಲಿಲ್ಲ. ಎಲ್ಲರದೂ ಅಡ್ಡಗೋಡೆಯ ಮೇಲಿಟ್ಟ ದೀಪ. ಅವರು ಪೆನ್ನಿಟ್ಟು ಮೇಜಿನ ಮೇಲೆ ತಲೆಯಿಟ್ಟುಬಿಟ್ಟರು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಿಂಕಿನ ಬಳಿ ಉಗುರಿನ ಗ್ರೀಸ್ ಉಜ್ಜುತ್ತ ಹೆಂಡತಿಯ ಗೋಳನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, ತಮ್ಮ ಡಿಪೋದಲ್ಲಿ ಹೀಗೆ ಬರೆದರೆ ಒಂದು ಬಸ್ಸೂ ಹೊರಡುವುದಿಲ್ಲ ಎಂದರು.

“ನೋಡು, ಹೊಗೆ ಕಪ್ಪಗೆ ಬರ್ತಿದೆ, ಅದು ನಾನು ಕಂಡಿದ್ದು. ಫಿಲ್ಟರ್ ಕಟ್ಕೊಂಡಿದೆ, ಅದು ನನ್ನ ಮಾತು. ಅದರಿಂದ ಇದಕ್ಕೆ ಹೇಗೆ ಬಂದೆ ಅಂತ ಹೇಳ್ದೆ ಇದ್ರೆ ಮ್ಯಾನೇಜರ್ ಹೊಸ ಫಿಲ್ಟರ್ ಕೊಡಲ್ಲ.”

ಮರುದಿನ ಕರಿಹಲಗೆಯ ಮೇಲೆ ಮೂರು ಸಾಲು ಬಂದವು: ನನ್ನ ಮಾತು, ನಾನು ಕಂಡದ್ದು, ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ. ವಾರದ ಹೊತ್ತಿಗೆ ನಾಲ್ಕನೆಯದೂ ಸೇರಿತು: ಎದುರಿನವರು ಏನನ್ನಬಹುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ವಾಕ್ಯಗಳಿಗೆಲ್ಲ ಹಸಿರು ಇಂಕು ಬೀಳತೊಡಗಿತು. ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು ಚರಿತ್ರೆಯ ಮೇಷ್ಟ್ರು ಕೇಳಿದರು. ಬರುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಬರುತ್ತದೆ ಎಂದು ಇವರು ಹೇಳಿದರು.

ಈ ಹೊಸ ಪಾಠಕ್ಕೆ ಮೊದಲು ಸಿಕ್ಕಿಬಿದ್ದವಳು ಒಂಬತ್ತನೇ ತರಗತಿಯ ರೇಡಿಯೋ. ಕ್ಷೌರದಂಗಡಿಯವರ ಮಗಳು, ಬಾಯಿ ತೆರೆದರೆ ನಿಲ್ಲುವುದಿಲ್ಲವೆಂದು ಆ ಹೆಸರು. ಚರ್ಚೆಯಲ್ಲಿ ಅವಳ ಮುಂದೆ ನಿಂತವರಿಲ್ಲ. ಶಾಲೆಯ ಹಿಂದಿನ ಗೇಟನ್ನು ಹೆಡ್‌ಮಾಸ್ಟರು ಎರಡು ವರ್ಷದಿಂದ ಮುಚ್ಚಿಸಿದ್ದರು. ಬಸ್ ನಿಲ್ದಾಣ ಇರುವುದು ಆ ಕಡೆ. ಗೇಟು ತೆರೆಯಬೇಕೆಂದು ರೇಡಿಯೋ ಬರೆದ ಮೂರು ಪುಟದ ಪ್ರಬಂಧಕ್ಕೆ ಹನ್ನೊಂದು ‘ಯಾಕೆ?’ ಬಿದ್ದವು, ಇಪ್ಪತ್ತಕ್ಕೆ ಎಂಟು ಮಾರ್ಕ್ಸ್ ಬಂತು. ಅವಳ ಅಪ್ಪ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಶಾಲೆಗೇ ಬಂದರು. ತನ್ನ ಮಗಳು ಮಾತಿನಲ್ಲಿ ಯಾರಿಗೂ ಸೋತವಳಲ್ಲ ಎಂದರು. ಯಾಕಮ್ಮ ಪ್ರಬಂಧವನ್ನು ಅವರ ಕೈಗೇ ಕೊಟ್ಟು, ಓದಿ ಎಂದರು. ಅವರು ಮೊದಲ ಪುಟ ಓದಿದರು, ಎರಡನೆಯದನ್ನು ಓದಿದರು, ತಲೆ ಕೆರೆದುಕೊಂಡರು.

“ಜೋರಾಗೇ ಬರ್ದಿದಾಳೆ ಮೇಡಂ. ಆದ್ರೆ ಗೇಟ್ ಯಾಕೆ ತೆಗೀಬೇಕು ಅಂತ ಗೊತ್ತಾಗ್ಲಿಲ್ಲ.”

ಗೇಟು ಮುಚ್ಚಿರುವುದರಿಂದಲೇ ಬಸ್ಸಿನ ಮಕ್ಕಳು ದಿನಾ ತಡವಾಗಿ ಬರುತ್ತಾರೆ ಎಂದು ರೇಡಿಯೋ ಆಗ ಬಾಯಲ್ಲಿ ಕಾರಣ ಕೊಟ್ಟಳು. ಹಾಗಾದರೆ ನೋಡಿಕೊಂಡು ಬಾ ಎಂದು ಯಾಕಮ್ಮ ಅವಳನ್ನು ಐದು ದಿನ ಬೆಳಗ್ಗೆ ಮುಂದಿನ ಗೇಟಿನ ಬಳಿ ಪುಸ್ತಕ ಕೊಟ್ಟು ಕೂರಿಸಿದರು. ಆರನೆಯ ದಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಸಪ್ಪೆ ಮುಖ ಹಾಕಿಕೊಂಡು ನಿಂತಳು. ತಡವಾಗಿ ಬಂದವರು ಅರವತ್ತೆರಡು ಮಂದಿ. ಅದರಲ್ಲಿ ಬಸ್ಸಿನವರು ಒಂಬತ್ತೇ ಒಂಬತ್ತು. ಉಳಿದವರೆಲ್ಲ ಕೂಗಳತೆಯಲ್ಲಿ ಮನೆ ಇರುವವರು. ಬೆಲ್ಲಿನ ಸದ್ದು ಹಾಸಿಗೆಗೇ ಕೇಳಿಸುತ್ತದೆಂದು ಬೆಲ್ಲಾದ ಮೇಲೆ ಏಳುವವರು.

“ಟೀಚರ್, ಈ ಲೆಕ್ಕ ಬಿಟ್ಟು ಬರೀಲಾ?” ಎಂದಳು ಮೆಲ್ಲಗೆ.

ಯಾಕಮ್ಮನಿಗೆ ನಗು ಬಂತು, ಜೊತೆಗೆ ಹೆಮ್ಮೆಯೂ ಆಯಿತು. ಇಷ್ಟು ವರ್ಷದಲ್ಲಿ ತಾನು ಹೇಳಿದ್ದನ್ನು ತಾನೇ ಅನುಮಾನಿಸಿಕೊಂಡು ಬಂದ ಮಗುವನ್ನು ಅವರು ನೋಡಿರಲಿಲ್ಲ.

“ಲೆಕ್ಕ ನಿನ್ನ ಮಾತಿಗೆ ಹೊಂದಿಲ್ಲ ಅಂದ್ರೆ ಲೆಕ್ಕ ಬಿಡೋದಲ್ಲಮ್ಮ, ಮಾತು ಬದಲಾಯಿಸೋದು. ಸಂಜೆ ಹೊತ್ತು ನೋಡಿದ್ಯಾ?”

ನೋಡಿರಲಿಲ್ಲ. ಮತ್ತೆ ಐದು ದಿನ ಕೂತಳು. ಸಂಜೆ ಬೆಲ್ಲಾದ ಕೂಡಲೇ ಆರುನೂರು ಮಕ್ಕಳು ಒಂದೇ ಗೇಟಿನಿಂದ ರಸ್ತೆಗೆ ಸುರಿಯುತ್ತಿದ್ದರು; ಮುಂದುಗಡೆ ಮರಳಿನ ಲಾರಿಗಳ ಸಾಲು. ಆ ಐದು ದಿನಗಳಲ್ಲಿ ಲಾರಿಯವರು ಏಳು ಸಲ ಗಕ್ಕನೆ ಬ್ರೇಕು ಹಾಕಿದ್ದನ್ನು ಅವಳು ಗಂಟೆ ನಿಮಿಷ ಸಮೇತ ಬರೆದುಕೊಂಡಳು. ಮಕ್ಕಳಲ್ಲಿ ಅರ್ಧದಷ್ಟು ಜನ ಆ ರಸ್ತೆಯಲ್ಲೇ ನಡೆದು, ಸುತ್ತು ಹಾಕಿ, ಹಿಂದಿನ ನಿಲ್ದಾಣಕ್ಕೇ ಹೋಗುವವರು. ಹೊಸ ಪ್ರಬಂಧ ಒಂದೂವರೆ ಪುಟಕ್ಕೆ ಇಳಿಯಿತು: ಬೆಳಗ್ಗೆ ಗೇಟು ತೆರೆಯುವ ಅಗತ್ಯವಿಲ್ಲ, ಸಂಜೆ ಹದಿನೈದು ನಿಮಿಷ ತೆರೆದರೆ ಸಾಕು. ಯಾಕಮ್ಮ ಅದನ್ನು ಹೆಡ್‌ಮಾಸ್ಟರ ಕೈಗೇ ಕೊಟ್ಟು ಬಾ ಎಂದು ಕಳಿಸಿದರು. ಕೊನೆಗೆ ಇನ್ನೊಂದು ಪ್ಯಾರಾವನ್ನು ಅವಳು ಆ ದಾರಿಯಲ್ಲೇ, ಮೆಟ್ಟಿಲ ಮೇಲೆ ಕೂತು ಸೇರಿಸಿದಳು.

ಮರುದಿನ ಹೆಡ್‌ಮಾಸ್ಟರು ಯಾಕಮ್ಮನನ್ನು ಕರೆಸಿದರು. ತಮಗಿದ್ದದ್ದು ಒಂದೇ ತಕರಾರು ಎಂದರು: ಇರುವವನು ಒಬ್ಬನೇ ವಾಚ್‌ಮನ್, ಹಿಂದಿನ ಗೇಟಿಗೆ ಯಾರು ನಿಲ್ಲಬೇಕು? ಅದಕ್ಕೂ ಹುಡುಗಿ ಉತ್ತರ ಬರೆದಿದ್ದಾಳೆಂದು ಕನ್ನಡಕ ಏರಿಸಿ ಕೊನೆಯ ಪ್ಯಾರಾ ಓದಿದರು. ಬೆಲ್ಲಾಗುವ ಮೊದಲೇ ಬೀಗ ತೆಗೆದು ನಿಂತಿರಬೇಕು; ಕೊನೆಯ ಪೀರಿಯಡ್ ಪಾಠವಿಲ್ಲದ ಶಿಕ್ಷಕರು ಶಾಲೆಯಲ್ಲಿ ಒಬ್ಬರೇ ಇದ್ದಾರೆ. ಟೈಮ್‌ಟೇಬಲ್ ಸೂಚನಾ ಫಲಕದಲ್ಲಿದೆ, ಯಾರು ಬೇಕಾದರೂ ನೋಡಬಹುದು. ಮಕ್ಕಳು ಅವರ ಮಾತು ಕೇಳುತ್ತಾರೆ. ಆದ್ದರಿಂದ ಯಾಕಮ್ಮ ಟೀಚರೇ ನಿಲ್ಲುವುದು ಸೂಕ್ತ.

“ಏನಂತೀರಿ ಮೇಡಂ?” ಎಂದರು ಹೆಡ್‌ಮಾಸ್ಟರು, ನಗು ತಡೆದುಕೊಂಡು.

ಯಾಕಮ್ಮ ಎರಡು ದಿನದ ಗಡುವು ಕೇಳಿ, ಆ ಪ್ಯಾರಾದಲ್ಲಿ ಒಂದು ತೂತಾದರೂ ಸಿಗುತ್ತದೆಯೇ ಎಂದು ಹುಡುಕಿದರು. ಮಂಡಿನೋವು ಎನ್ನೋಣವೆಂದರೆ ಹುಡುಗಿ ಕುರ್ಚಿ ಹಾಕಿಸಬಹುದೆಂದೂ ಬರೆದಿದ್ದಳು. ಗಂಡನಿಗೆ ಓದಿಸಿದರು. ಅವರು ಎರಡು ಸಲ ಓದಿ, ಈ ಹುಡುಗಿಯನ್ನು ನಮ್ಮ ಡಿಪೋಗೆ ಕಳಿಸು ಎಂದುಬಿಟ್ಟರು.

ಸೋಮವಾರ ಸಂಜೆ ಹಿಂದಿನ ಗೇಟಿನ ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿತ್ತು. ಆ ವರ್ಷ ಪ್ರಬಂಧದ ಮಾರ್ಕ್ಸ್ ಏನೂ ಆಕಾಶಕ್ಕೇರಲಿಲ್ಲ. ಹಿಂದಿನಷ್ಟೇ ಬಂತು, ಚರಿತ್ರೆಯ ಮೇಷ್ಟ್ರು ಅದನ್ನು ಎತ್ತಿ ಆಡಲೂ ಮರೆಯಲಿಲ್ಲ. ಯಾಕಮ್ಮ ಮಾತ್ರ ದಿನಾ ಹದಿನೈದು ನಿಮಿಷ ಕುರ್ಚಿ ಹಾಕಿಕೊಂಡು ಗೇಟಿನಲ್ಲಿ ಕೂರತೊಡಗಿದರು. ಮಕ್ಕಳು ಸಾಲಾಗಿ ಹೊರಗೆ ಹೋಗುತ್ತ ಒಂದೊಂದು ವಾದ ಒಪ್ಪಿಸಿಯೇ ಮುಂದೆ ಸಾಗುತ್ತಿದ್ದರು: ಹೋಂವರ್ಕ್ ಯಾಕೆ ಬೇಡ, ಅಕ್ಕನಿಗೇ ಯಾಕೆ ಸೈಕಲ್, ಶನಿವಾರ ಯಾಕೆ ಶಾಲೆ. ಕೆಲವಕ್ಕೆ ಅವರು ತಲೆಯಾಡಿಸುತ್ತಿದ್ದರು, ಕೆಲವನ್ನು ನಾಳೆ ಸರಿಮಾಡಿಕೊಂಡು ಬಾ ಎಂದು ವಾಪಸ್ ಕಳಿಸುತ್ತಿದ್ದರು. ಬಸ್ಸು ಹೊರಟು ನಿಂತರೂ ಮಾತು ನಿಲ್ಲಿಸದವರನ್ನು ಬೆನ್ನು ತಟ್ಟಿ ಓಡಿಸುತ್ತಿದ್ದರು.